ಅಮೃತಬಳ್ಳಿಯ ಬಾಡಿಗೆದಾರ

ನಾನು ಒಂದು ಶಿಲೀಂಧ್ರ. ಬೂಷ್ಟು ಅಂದರೆ ನಿಮಗೆ ಬೇಗ ಗೊತ್ತಾಗುತ್ತದೆ. ಆದರೆ ಹಳಸಿದ ರೊಟ್ಟಿಯ ಮೇಲೆ ಬೆಳೆಯುವವನಲ್ಲ. ಧಾರವಾಡದ ಒಂದು ಗ್ಯಾರೇಜಿನ ಗೋಡೆಗೆ ಹಬ್ಬಿದ್ದ ಅಮೃತಬಳ್ಳಿಯ ಎಲೆಯೊಳಗೆ ಹುಟ್ಟಿದೆ. ಬಳ್ಳಿ ನನಗೆ ಊಟ ಕೊಡುತ್ತಿತ್ತು. ಅದನ್ನು ಕೊಳೆಸಲು ಬಂದ ಬ್ಯಾಕ್ಟೀರಿಯಾಗಳ ಮೇಲೆ ನಾನು ಕಹಿ ರಸ ಉಗುಳುತ್ತಿದ್ದೆ.

ಒಂದು ದಿನ ನೀಲಾಂಬಿಕಾ ಎಂಬ ಸಂಶೋಧಕಿ ಆ ಎಲೆ ಕಿತ್ತು ಸ್ಪಿರಿಟ್ಟಿನಲ್ಲಿ ಅದ್ದಿದಳು. ಎಲೆಯ ಮೇಲಿದ್ದವರೆಲ್ಲ ಸತ್ತರು, ಒಳಗಿದ್ದ ನಾನು ಉಳಿದೆ. ಗಾಯಗಳಲ್ಲಿ ಕೀವು ತುಂಬಿಸುವ ರೋಗಾಣುಗಳನ್ನು ಬೆಳೆಸಿದ್ದ ಗಾಜಿನ ತಟ್ಟೆಗೆ ನನ್ನ ರಸದ ಹನಿ ಬಿದ್ದಾಗ ಸುತ್ತಲೂ ಸ್ವಚ್ಛ ಉಂಗುರ ಮೂಡಿತು. ಅಷ್ಟು ಜಾಗದಲ್ಲಿ ಒಂದು ರೋಗಾಣುವೂ ಬದುಕಿರಲಿಲ್ಲ. ಅವಳು ಕುಣಿಯುವುದೊಂದು ಬಾಕಿ.

ಆಮೇಲೆ ನನ್ನನ್ನು ಸಕ್ಕರೆ ನೀರಿನ ಬಾಟಲಿಯಲ್ಲಿ ಸಾಕಿದಳು. ಶತ್ರುವಿಲ್ಲ, ಹಸಿವಿಲ್ಲ. ನಾನು ದಪ್ಪಗಾದೆ, ಉಂಗುರ ಸಣ್ಣಗಾಯಿತು, ಕೊನೆಗೆ ಮೂಡಲೇ ಇಲ್ಲ. ಅಷ್ಟರಲ್ಲಿ ಗೋಡೆಗೆ ಬಣ್ಣ ಬಳಿಯುವವರು ಹಳೆಯ ಬಳ್ಳಿಯನ್ನೂ ಕಿತ್ತೆಸೆದಿದ್ದರು.

ಅವಳ ಗೈಡು ಹಂಚಿನಮನಿ ಸರ್ ಬಾಟಲಿ ಎತ್ತಿ ನೋಡಿದರು. "ಏನವಾ, ಅಳಿಯನ್ನ ಸಾಕಿದಂಗ ಸಾಕೀಯಲ್ಲ. ಉಂಡು ಮಲಗೂದು ಬಿಟ್ಟು ಇದು ಮತ್ತೇನ್ ಮಾಡತೈತಿ?"

"ಇನ್ನೊಂದ್ ಸಲ ನೋಡ್ತೇನ್ರಿ ಸರ."

"ನೋಡು. ಈ ಸಲಾನೂ ಉಂಗುರ ಬರಲಿಲ್ಲಂದ್ರ ಕುದಿಸಿ ಚೆಲ್ಲು. ನೀ ಬ್ಯಾರೆ ವಿಷಯ ತಗೋ."

ಅವಳ ಇಷ್ಟು ದಿನದ ದುಡಿಮೆಯೂ ನನ್ನ ಜೀವವೂ ಒಂದೇ ಬಾಟಲಿಯಲ್ಲಿದ್ದವು. ಶತ್ರುಗಳ ನಡುವೆ ಬಿದ್ದರೆ ಕಹಿ ಮರಳೀತೆಂದು ನನ್ನನ್ನು ಮತ್ತೆ ಬಳ್ಳಿಯೊಳಗೆ ಬಿಡಲು ಅವಳು ನಿರ್ಧರಿಸಿದಳು. ಪಕ್ಕದ ಮೇಜಿನ ಗೆಳತಿ ಶಮೀಮಾಗೆ ಗಾಬರಿ.

"ಸಕ್ಕರಿ ಉಂಡು ಮೆತ್ತಗಾಗೈತಿ ಅದು. ಆ ಬಳ್ಳಿ ಇದನ್ನ ಕೊಂದ್ ಹಾಕಿದ್ರ?"

"ಇಲ್ಲಿದ್ರೂ ಸಾಯೂದ ಐತಿ. ತವರಿಗರೆ ಹೋಗಿ ಸಾಯಲಿ ಬಿಡು."

ಕುಂಡದಲ್ಲಿದ್ದ ಎಳೆಯ ಅಮೃತಬಳ್ಳಿಯ ಎಲೆಗೆ ಗೀರು ಹಾಕಿ ನನ್ನನ್ನು ಒಳಬಿಟ್ಟಳು. ಇದು ಬೇರೆ ಬಳ್ಳಿ, ಇದಕ್ಕೆ ನನ್ನ ಗುರುತಿಲ್ಲ. ಕಳ್ಳ ನುಗ್ಗಿದನೆಂದು ವಿಷ ಸುರಿಯಿತು. ನನ್ನ ಎಳೆಗಳು ಒಂದೊಂದಾಗಿ ಸುಟ್ಟವು. ಅದೇ ಗೀರಿನಿಂದ ಕೊಳೆಸುವ ಬ್ಯಾಕ್ಟೀರಿಯಾಗಳೂ ಒಳಬಂದವು. ಮುಂದೆ ಅವು, ಹಿಂದೆ ಬಳ್ಳಿ. ಉಳಿದಿದ್ದ ಒಂದೇ ಎಳೆಯಲ್ಲಿ, ಮರೆತೇಹೋಗಿದ್ದ ಕಹಿ ಊರಿತು. ಉಗುಳಿದೆ. ಅವು ಸತ್ತವು. ಬಳ್ಳಿ ನಿಧಾನಕ್ಕೆ ವಿಷ ನಿಲ್ಲಿಸಿತು.

ನೀಲಾಂಬಿಕಾ ಆ ಎಲೆಯಿಂದ ನನ್ನ ತುಣುಕೊಂದನ್ನು ಬಿಡಿಸಿ ಬೆಳೆಸಿ, ಹೊಸ ತಟ್ಟೆಗೆ ರಸದ ಹನಿ ಹಾಕಿದಳು. ಮರುದಿನ ತಟ್ಟೆಯನ್ನು ಬೆಳಕಿಗೆ ಹಿಡಿದವಳು ನೇರ ಒಯ್ದು ಸರ್ ಕೈಗೆ ಕೊಟ್ಟಳು. ಅವರು ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು.

"ಮೊದಲಿನಕಿಂತ ದೊಡ್ಡದೈತಲ್ಲವಾ. ಇನ್ನ ಇದಕ್ಕ ಸಕ್ಕರಿ ಕಮ್ಮಿ ಮಾಡು."

ಈಗ ನಾನು ಹಳಬ. ಪ್ರಯೋಗಾಲಯದ ಕಿಟಕಿಯ ಕುಂಡದಲ್ಲೇ ನನ್ನ ವಾಸ. ನನ್ನ ರಸ ಔಷಧಿಯಾಗಲು ಇನ್ನೂ ಬಹಳ ಪರೀಕ್ಷೆಗಳಿವೆಯಂತೆ. ಔಷಧಿ ಎನ್ನುವುದು ಅವರ ಮಾತು, ನನಗದು ಮನೆ ಕಾಯುವ ಕೆಲಸ. ಕೆಳಗಿನ ಎಲೆಯಲ್ಲಿ ಈಗಷ್ಟೇ ಕೊಳೆ ಶುರುವಾಗಿದೆ. ನಾನು ಹೊರಟೆ.