ನಾಲ್ಕು ಇಂಚು

ನಮ್ಮ ಅತ್ತೆ ರೇಣವ್ವ ಹನ್ನೊಂದು ವರ್ಷದಲ್ಲಿ ನನ್ನ ಜೊತೆ ಒಂದು ಮಾತೂ ಆಡಿಲ್ಲ. ಜಗಳವೇನಿಲ್ಲ. ಅಳಿಯನ ಎದುರು ಬಾಯಿ ತೆರೆಯಬಾರದು, ತಲೆಯ ಮೇಲಿನ ಸೆರಗು ಜಾರಬಾರದು, ಅವನ ಮೈ ಸೋಕಬಾರದು ಎಂದು ಅವರು ಕಲಿತು ಬಂದಿದ್ದಾರೆ. ನನಗೆ ಏನಾದರೂ ತಿಳಿಸಬೇಕಾದರೆ ನನ್ನ ಹೆಂಡತಿ ಪ್ರಮಿಳಾಗೆ ಹೇಳುತ್ತಾರೆ. ಅವಳಿಲ್ಲದಿದ್ದರೆ ಪಡಸಾಲೆಯ ಕಂಬಕ್ಕೆ ಹೇಳುತ್ತಾರೆ. ನಾನು ಒಳಗೆ ಕೂತು ಕಂಬದ ಪರವಾಗಿ ಕೇಳಿಸಿಕೊಳ್ಳುತ್ತೇನೆ.

ಅವರಿಗೆ ಗಂಡುಮಕ್ಕಳಿಲ್ಲ. ಎರಡು ವರ್ಷದ ಹಿಂದೆ ಎರಡೂ ಕಿಡ್ನಿ ಕೆಟ್ಟಾಗ ನಾವೇ ಕರೆದುಕೊಂಡು ಬಂದೆವು. ಮಂಗಳವಾರ ಮತ್ತು ಶುಕ್ರವಾರ ಬೆಳಗಾವಿಯಲ್ಲಿ ಡಯಾಲಿಸಿಸ್. ನಮ್ಮೂರು ಖಾನಾಪುರ ತಾಲೂಕಿನದು, ಹಲಸಿ ದಾಟಿ ಇನ್ನೂ ಒಳಗೆ. ಬಸ್ಸು ಅಲ್ಲಿಯತನಕ ಬರುವುದಿಲ್ಲ. ಅಕ್ಕಿ ಚೀಲ, ಗೋಡಂಬಿ, ಸಿಮೆಂಟು ಹೇರುವ ನನ್ನ ಪಿಕಪ್ಪಿನಲ್ಲೇ ಅವರು ಹೋಗಿಬರಬೇಕು. ಪ್ರಮಿಳಾ ಮೊದಲು ಹತ್ತಿ ನನಗೂ ಅವರಿಗೂ ನಡುವೆ ಗೋಡೆಯಾಗಿ ಕೂರುತ್ತಾಳೆ. ಆಮೇಲೆ ಅತ್ತೆ ಹತ್ತಿ ಕಿಟಕಿಯ ಬದಿಗೆ ಕೂರುತ್ತಾರೆ.

ಹೋದ ವರ್ಷ ಶ್ರಾವಣದಲ್ಲಿ ಊರ ಮುಂದಿನ ಹಳ್ಳದ ಒಂದು ಕಲ್ಲಿನ ಮೇಲೆ ಗಾಡಿಯ ಹೊಟ್ಟೆ ಕೂತುಬಿಟ್ಟಿತು. ನೀರಿನ ನಡುವೆ ಮೂರು ತಾಸು. ಅವತ್ತಿನ ಪಾಳಿ ತಪ್ಪಿತು, ಮುಂದಿನ ಪಾಳಿಯ ಹೊತ್ತಿಗೆ ಅತ್ತೆಗೆ ಉಸಿರು ಸಾಲದಂತಾಗಿತ್ತು. ಹೀಗೇ ಪಾಳಿ ತಪ್ಪಿಸಿದರೆ ಪುಪ್ಪುಸದಲ್ಲಿ ನೀರು ತುಂಬಿ ಜೀವ ಹೋಗುತ್ತದೆ ಎಂದು ಡಾಕ್ಟರು ನನ್ನನ್ನು ಕರೆದು ಬಿಡಿಸಿ ಹೇಳಿದರು. ಆ ಕಲ್ಲು ಆವತ್ತಿನಿಂದ ನನ್ನ ಕನಸಿನಲ್ಲೂ ಬರತೊಡಗಿತು. ಈ ಸಲ ಮಳೆಗಾಲಕ್ಕೆ ಮುಂಚೆ ಗಾಡಿಯನ್ನೇ ಎತ್ತರಿಸಿಬಿಡೋಣ ಎಂದು ಮೇ ತಿಂಗಳಲ್ಲಿ ಬೆಳಗಾವಿಯ ಅನಗೋಳದ ಮುತ್ತಪ್ಪನ ಗ್ಯಾರೇಜಿಗೆ ಹೋದೆ.

ಮುತ್ತಪ್ಪ ಪಾಟಾ ಕೆಲಸದವನು. ಗಾಲಿಯ ಮೇಲೆ ಗಾಡಿಯ ಭಾರ ಹೊರುವ ಆ ಬಾಗಿದ ಉಕ್ಕಿನ ಪಟ್ಟಿಗಳನ್ನು ಮೂವತ್ತು ವರ್ಷದಿಂದ ಬಡಿಯುತ್ತಿದ್ದಾನೆ. ಅವನದೊಂದು ರೀತಿ ಇದೆ. ಗಾಡಿಯಲ್ಲಿ ಏನು ಹೇರುತ್ತೀರಿ, ಯಾರು ಹತ್ತುತ್ತಾರೆ ಎಂಬುದನ್ನೆಲ್ಲ ಕೇಳಿ ಸುಣ್ಣದ ಕಡ್ಡಿಯಿಂದ ಗೋಡೆಯ ಮೇಲೆ ಬರೆದುಕೊಳ್ಳದೆ ಪಾನಾ-ಸುತ್ತಿಗೆ ಮುಟ್ಟುವುದಿಲ್ಲ. ನಾನು ಅಕ್ಕಿ, ಗೋಡಂಬಿ, ಸಿಮೆಂಟು ಎಂದೆಲ್ಲ ತೂಕದ ಸಮೇತ ಹೇಳಿದೆ. ಹತ್ತುವವರು ಯಾರು ಎಂದು ಕೇಳಿದ. ನಾನೇ ಹತ್ತುತ್ತೇನೆ, ಇನ್ಯಾರು ಹತ್ತಬೇಕು ಎಂದು ನಕ್ಕೆ. ಅವನು ಗೋಡೆಯ ಮೇಲೆ ‘ಡ್ರೈವರ್’ ಎಂದು ಬರೆದ. ಯಾರ ಸಲುವಾಗಿ ಅಷ್ಟು ದೂರ ಹೋಗಿದ್ದೆನೋ ಅವರ ಹೆಸರು ನನ್ನ ಬಾಯಿಗೆ ಬರಲೇ ಇಲ್ಲ.

ಅವನು ಸಾಮಾನುಗಳನ್ನು ಒಂದೊಂದಾಗಿ ನೆಲದ ಮೇಲೆ ಇಟ್ಟು ತೋರಿಸಿದ. ಒಂದು ಪಾಟಾ ಹೆಚ್ಚಿಗೆ ಹಾಕಿ, ಅದರ ತುದಿಯ ಕೊಂಡಿಯನ್ನು ಉದ್ದದ್ದು ಹಾಕಿದರೆ ಎರಡು ಇಂಚು ಏಳುತ್ತದೆ. ಎಕ್ಸೆಲ್ಲಿಗೂ ಪಾಟಾಕ್ಕೂ ನಡುವೆ ಕಬ್ಬಿಣದ ಬ್ಲಾಕು ಇಟ್ಟು, ಉದ್ದನೆಯ ಬೋಲ್ಟಿನಿಂದ ಬಿಗಿದು, ಶಾಕಪ್ಪುಗಳನ್ನೂ ಬದಲಿಸಿದರೆ ನಾಲ್ಕು ಇಂಚು.

“ನಿಮ್ಮ ಹಳ್ಳಕ್ಕ ಎರಡ ಇಂಚು ಸಾಕ್ರಿ,” ಎಂದ ಮುತ್ತಪ್ಪ. “ಗಾಡಿ ಎತ್ತರ ಆದಷ್ಟೂ ತಿರುವಿನ್ಯಾಗ ತೂಗತೈತಿ.”

ನಾನು ಕೇಳಲಿಲ್ಲ. ಕಲ್ಲಿನ ಭಯ ಒಂದು ಕಡೆ. ಇನ್ನೊಂದು ಕಡೆ, ಖರೇ ಹೇಳಬೇಕೆಂದರೆ, ಶೋಕಿ. ಅವತ್ತು ಬೆಳಿಗ್ಗೆ ಬೆಳಗಾವಿಯ ರಾಮತೀರ್ಥ ನಗರದಲ್ಲಿ ಅಕ್ಕಿ ಇಳಿಸುವಾಗ ಮಾಳಿಗೆಯಷ್ಟು ಎತ್ತರ ನಿಂತ ಒಂದು ಗಾಡಿಯನ್ನು ನೋಡಿ ನನ್ನ ತಲೆ ತಿರುಗಿತ್ತು. ನಾಲ್ಕೇ ಇರಲಿ ಎಂದೆ. ಸಂಜೆ ಹಳ್ಳ ದಾಟುವಾಗ ಕಲ್ಲು ಎಲ್ಲಿತ್ತೆಂದೇ ಗೊತ್ತಾಗಲಿಲ್ಲ. ಊರವರ ಮುಂದೆ ಎದೆ ಉಬ್ಬಿಸಿಕೊಂಡು ಇಳಿದೆ.

ಮಂಗಳವಾರ ಅತ್ತೆ ಅಂಗಳಕ್ಕೆ ಬಂದರು. ಗಾಡಿಯ ಬಾಗಿಲನ್ನು ಕೆಳಗಿನಿಂದ ಮೇಲೆ ಒಮ್ಮೆ ನೋಡಿದರು. ಹೊಟ್ಟೆ ಸರಿಯಿಲ್ಲ, ಇವತ್ತು ಬೇಡ ಎಂದು ಪ್ರಮಿಳಾಗೆ ಹೇಳಿ ಒಳಗೆ ಹೋದರು. ಶುಕ್ರವಾರ ಅಮಾವಾಸ್ಯೆ ಬಂತು, ಅಮಾವಾಸ್ಯೆಯ ದಿನ ಹೊಸ್ತಿಲು ದಾಟುವುದಿಲ್ಲ ಎಂದರು. ಪ್ರಮಿಳಾ ಅತ್ತಳು, ಬೈದಳು, ಕಾಲು ಹಿಡಿದಳು. ಅತ್ತೆ ಜಪ್ಪಯ್ಯ ಎನ್ನಲಿಲ್ಲ. ನನಗೆ ಪಿತ್ತ ನೆತ್ತಿಗೇರಿತು. ಪಡಸಾಲೆಗೆ ಬಂದು, ಅವರಿಗೆ ಕೇಳಲೆಂದೇ, ಅವರ ಕಂಬದ ಮುಂದೆ ನಿಂತೆ.

“ಇಷ್ಟೆಲ್ಲಾ ಯಾರ ಸಲುವಾಗಿ ಮಾಡೇನಿ? ಕಂಬಾ, ನೀನರ ಹೇಳು.”

ಗೆದ್ದವನ ಹಾಗೆ ಹೊರಗೆ ಹೋದೆ. ಆ ಮಾತನ್ನು ಈಗ ನೆನೆದರೆ ನಾಲಿಗೆ ಕಚ್ಚಿಕೊಳ್ಳಬೇಕು ಎನಿಸುತ್ತದೆ.

ಭಾನುವಾರ ಮಧ್ಯಾಹ್ನ ಅವರ ಪಾದಗಳು ಊದಿದ್ದವು. ಮಲಗಿದರೆ ಉಸಿರು ಕಟ್ಟುತ್ತಿತ್ತು, ಗೋಡೆಗೆ ಒರಗಿ ಕೂತು ಬಾಯಿಂದ ಗಾಳಿ ಎಳೆಯುತ್ತಿದ್ದರು. ಪ್ರಮಿಳಾ ಚೀರಿದ್ದು ಕೇಳಿ ಓಡಿಬಂದು, ಹನ್ನೊಂದು ವರ್ಷದಲ್ಲಿ ಮೊದಲ ಸಲ ಅತ್ತೆಯ ಮೈ ಮುಟ್ಟಿ ಎತ್ತಿಕೊಂಡೆ. ಉಸಿರಿಗೆ ಒದ್ದಾಡುತ್ತಿದ್ದ ಆ ಹೆಂಗಸು ನನ್ನ ಕೈಯಲ್ಲಿರುವಾಗಲೂ ಸೆರಗನ್ನು ಮುಖದ ಮೇಲೆ ಎಳೆದುಕೊಂಡರು. ಉಸಿರು ಬಿಟ್ಟಾಗೊಮ್ಮೆ ಬಟ್ಟೆ ಮೇಲೇಳುತ್ತಿತ್ತು, ಎಳೆದಾಗ ಬಾಯಿಗೆ ಅಂಟುತ್ತಿತ್ತು. ಗಾಡಿಯಲ್ಲಿ ಕೂರಿಸಿ, ಖಾನಾಪುರ ದಾಟುವತನಕ ನಾನು ಆ ಬಟ್ಟೆಯನ್ನೇ ನೋಡುತ್ತ ಗಾಡಿ ಓಡಿಸಿದೆ. ಅಷ್ಟು ಭಯ ನನಗೆ ಎಂದೂ ಆಗಿಲ್ಲ.

ಉಳಿದರು. ಆಸ್ಪತ್ರೆಯಲ್ಲಿ ಅವರ ಮೈಯಿಂದ ಐದು ಕಿಲೋ ನೀರು ತೆಗೆದರು. ನರ್ಸಿನ ಬೈಗುಳ ತಿಂದು ವಾರ್ಡಿನ ಹೊರಗೆ ಕೂತಿದ್ದಾಗ ಪ್ರಮಿಳಾ ಬಂದು ಬಾಜು ಕೂತಳು. ತಾಯಿಯ ಬಾಯಿ ಬಿಡಿಸಿಕೊಂಡು ಬಂದಿದ್ದಳು.

“ಹೊಟ್ಟಿನೂ ಅಲ್ಲ, ಅಮಾಸಿನೂ ಅಲ್ಲ. ಅವ್ವಗ ಗಾಡಿ ಹತ್ತಾಕ ಆಗವಲ್ದು,” ಎಂದಳು. “ನಾವು ಮಲಗಿದ್ದಾಗ ನಸುಕಿನ್ಯಾಗ ಎದ್ದು ಬಕೆಟ್ ಬೋರಲ ಹಾಕಿ ಹತ್ತಿ ನೋಡ್ಯಾಳಂತ, ಎರಡ ಸಲ ಬಿದ್ದಾಳ. ಮಗಳ ಮನ್ಯಾಗ ಕೂಳು ತಿಂದು ಅಳಿಯಾನ ಗಾಡ್ಯಾಗ ಹೆಂಗ ತಪ್ಪ ಹುಡುಕಲಿ ಅಂತಾಳ.”

ಕಲ್ಲಿನಿಂದ ಗಾಡಿ ಎಷ್ಟು ಮೇಲಿರಬೇಕು ಎಂದು ನಾನು ಬೆರಳಿಟ್ಟು ಅಳೆದಿದ್ದೆ. ನೆಲದಿಂದ ಅತ್ತೆಯ ಕಾಲು ಎಷ್ಟು ಮೇಲೇಳುತ್ತದೆ ಎಂದು ನೋಡಿರಲಿಲ್ಲ. ನೋಡುವ ರೂಢಿಯೂ ಇಲ್ಲ, ಅತ್ತೆ ಬಂದರೆ ಅಳಿಯ ಬೇರೆ ಕಡೆ ಮುಖ ಮಾಡುವುದು ನಮ್ಮಲ್ಲಿ ಮರ್ಯಾದೆ.

ಮರುದಿನ ಮುತ್ತಪ್ಪನ ಮುಂದೆ ಹೋಗಿ ನಿಂತೆ. ಗೋಡೆಯ ಮೇಲೆ ನನ್ನ ಗಾಡಿಯ ಪಟ್ಟಿ ಇನ್ನೂ ಅಳಿಸಿರಲಿಲ್ಲ. ನಡೆದದ್ದನ್ನೆಲ್ಲ ಹೇಳಿದೆ. ಅವನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಸುಣ್ಣದ ಕಡ್ಡಿ ತಗೊಂಡು ‘ಡ್ರೈವರ್’ ಎಂಬುದರ ಮೇಲೆ ‘ಅತ್ತಿ’ ಎಂದು ಬರೆದ. ಅವರು ಕಾಲನ್ನು ಎಷ್ಟು ಎತ್ತಬಲ್ಲರು ಎಂದು ಕೇಳಿದ. ನಾನು ಪ್ರಮಿಳಾಗೆ ಫೋನು ಹಚ್ಚಿದೆ. ಅವಳು ಆಸ್ಪತ್ರೆಯ ಮೆಟ್ಟಿಲಿನ ಹತ್ತಿರ ನಿಲ್ಲಿಸಿ ನೋಡಿ, ಒಂದು ಗೇಣು ಎಂದಳು. ನಾಲ್ಕು ಇಂಚು ಏರಿಸುವ ಮುಂಚೆಯೇ ನನ್ನ ಗಾಡಿ ಎರಡು ಗೇಣಿನ ಮೇಲಿತ್ತು, ಅಷ್ಟನ್ನು ಅವರು ಹೇಗೋ ಮೈ ಎಳೆದುಕೊಂಡು ಏರುತ್ತಿದ್ದರು.

ಮುತ್ತಪ್ಪ ಬ್ಲಾಕು ತೆಗೆದು, ಮೊದಲು ಹೇಳಿದ್ದ ಪಾಟಾ ಮತ್ತು ಕೊಂಡಿಯನ್ನೇ ಹಾಕಿದ. ಎರಡು ಇಂಚು. ಅತ್ತೆ ಹತ್ತುವ ಬಾಗಿಲಿನ ಕೆಳಗೆ ಸರಪಳಿಯಿಂದ ಇಳಿಬಿಡುವ, ಹಳ್ಳ ಬಂದಾಗ ಮೇಲಕ್ಕೆ ಮಡಚುವ ಎರಡು ಮೆಟ್ಟಿಲು ಮಾಡಿದ. ಬಾಗಿಲಿನ ಎರಡೂ ಬದಿಗೆ ಹಿಡಿಕೆ ಕೂಡಿಸಿದ. ಒಂದು ಸಾಲದೇ ಎಂದು ಕೇಳಿದೆ.

“ವಯಸ್ಸಾದವ್ರಿಗಿ ಎರಡೂ ಕೈ ಬೇಕ್ರೀ,” ಎಂದ.

ಶುಕ್ರವಾರ. ಈಗ ಹಳ್ಳದ ಕಲ್ಲು ಎರಡು ಬೆರಳಿನ ಅಂತರದಲ್ಲಿ ತಪ್ಪುತ್ತದೆ, ಆ ಚಿಂತೆ ನನಗೆ ಇದ್ದೇ ಇದೆ. ಮೆಟ್ಟಿಲು ಇಳಿಬಿಟ್ಟು ನನ್ನ ಸೀಟಿನಲ್ಲಿ ಕೂತೆ. ಪ್ರಮಿಳಾ ಹತ್ತಿ ನಡುವೆ ಕೂತಳು. ಅತ್ತೆ ಮೊದಲ ಮೆಟ್ಟಿಲು ಏರಿದರು. ಎರಡನೆಯದಕ್ಕೆ ಕಾಲಿಟ್ಟು ತೂರಾಡಿದರು. ಬಲಗೈ ಒಂದು ಹಿಡಿಕೆಯ ಮೇಲಿತ್ತು. ಇನ್ನೊಂದು ಹಿಡಿಕೆ ಎದುರಿಗೇ ಹೊಳೆಯುತ್ತಿದ್ದರೂ ಎಡಗೈ ಅತ್ತ ಹೋಗಲಿಲ್ಲ. ನಾನು ಆವತ್ತು ಮರ್ಯಾದೆ ಬಿಟ್ಟು ನೋಡಿದೆ. ಆ ಕೈ ಗದ್ದದ ಹತ್ತಿರ ಸೆರಗನ್ನು ಬಿಗಿಯಾಗಿ ಹಿಡಿದಿತ್ತು. ಎದುರಿಗೆ ನಾನು ಕೂತಿದ್ದೆನಲ್ಲ.

ಬಾಗಿಲು ತೆರೆದು ಇಳಿದೆ. ಗಾಡಿಯ ಹಿಂದೆ ಹೋಗಿ, ಹಳ್ಳದ ಕಡೆ ಮುಖ ಮಾಡಿ ನಿಂತೆ. ಸರಪಳಿ ಒಮ್ಮೆ ಸದ್ದು ಮಾಡಿತು, ಇನ್ನೊಮ್ಮೆ ಮಾಡಿತು. ಸೀಟು ಕಿರ್ರೆಂದಿತು, ಬಾಗಿಲು ಹಾಕಿಕೊಂಡಿತು. ಆಮೇಲೆ ಬಂದು ಕೂತೆ. ಅತ್ತೆ ಸೆರಗು ಸರಿಮಾಡಿಕೊಂಡು ಮುಂದಿನ ಗಾಜಿಗೆ ಹೇಳಿದರು.

“ಪ್ರಮಿಳಾ, ಎರಡ ವರ್ಷದಾಗ ಇವತ್ತ ಅಂಜಿಕಿ ಇಲ್ದ ಹತ್ತಿದೆ ನೋಡು.”

ವಾರಕ್ಕೆ ಎರಡು ಸಲ, ಎರಡು ವರ್ಷ. ಅಷ್ಟೂ ಸಲ ನಾನು ಅದೇ ಸೀಟಿನಲ್ಲಿ ಕೂತು, ಲಗೂನ ಹತ್ತಲಿ ಎಂದು ಹಾರ್ನು ಹೊಡೆದಿದ್ದೆ.