ಮೆಂತೆ ಬಂತು, ಏಳ್ರಿ!

ಮೆಂತೆಸೊಪ್ಪು ಕೂತ ಮನುಷ್ಯನನ್ನು ನೆಲದಿಂದ ಎಬ್ಬಿಸಿ ನಿಲ್ಲಿಸುತ್ತದೆ ಅಂದರೆ ಯಾರೂ ನಂಬಲಿಕ್ಕಿಲ್ಲ. ತಿಂದಲ್ಲ ಮತ್ತೆ, ಬರೀ ಕೇಳಿ. ನಂಬುವುದು ಬಿಡುವುದು ಆಮೇಲೆ ನೋಡೋಣ, ಹೇಳುವುದಂತೂ ಖರೇ.

ಬೆಳಗಾವಿಯ ಆಟೋ ನಗರದಲ್ಲಿ ಗುರುಪುತ್ರಪ್ಪನವರದು ಬಿಡಿಭಾಗಗಳ ಅಂಗಡಿ. ಲಾರಿ ಎತ್ತುವ ಜಾಕು ಮಾರಿ ಹೆಸರಾದವರು. ಹೋದ ವರ್ಷ ಅದೇ ಅಂಗಡಿಯಲ್ಲಿ ಚೆಲ್ಲಿದ ಎಣ್ಣೆಯ ಮೇಲೆ ಜಾರಿಬಿದ್ದು ಮೊಣಕಾಲ ಚಿಪ್ಪು ಒಡೆದುಕೊಂಡರು. ಚಿಪ್ಪೇನೋ ಕೂಡಿತು. "ಕಾಲು ಗಟ್ಟಿ ಐತ್ರಿ, ಅಂಜಿಕಿ ಒಂದ ಉಳದೈತಿ. ದಿನಾ ಕುಂತು ಎದ್ದು ಮಾಡ್ರಿ," ಅಂದರು ಡಾಕ್ಟರು. ಆ ಮಾತಿಗೆ ಗುರುಪುತ್ರಪ್ಪ ಸೊಪ್ಪು ಹಾಕಲಿಲ್ಲ. ಕುರ್ಚಿಯಿಂದ ಏಳಬೇಕಾದರೂ ಒಂದು ಕೈ ಕುರ್ಚಿಯ ಮೇಲೆ, ಇನ್ನೊಂದು ಹೆಂಡತಿ ಶಿವಲಿಂಗವ್ವನ ಹೆಗಲ ಮೇಲೆ. ಊರ ಲಾರಿಗಳಿಗೆಲ್ಲ ಜಾಕು ಕೊಟ್ಟವರಿಗೆ ತಮ್ಮನ್ನು ಎತ್ತುವ ಜಾಕು ಸಿಗಲಿಲ್ಲ.

ಇದರಿಂದ ಪೇಚಿಗೆ ಸಿಕ್ಕವಳು ಮಗಳು ಸಾಕ್ಷಿ. ಊರ ಪಕ್ಕದ ಮಚ್ಛೆಯ ಸಣ್ಣ ಕಾರ್ಖಾನೆಯೊಂದರಲ್ಲಿ ಯಂತ್ರಭಾಗಗಳ ನಕ್ಷೆ ತೆಗೆಯುವ ಹುಡುಗಿ. ಖಾನಾಪುರದ ಓಂಕಾರನ ಜೊತೆ ಅವಳ ಮದುವೆಯ ಮಾತು ನಡೆದಿತ್ತು. ಹುಡುಗ ಒಪ್ಪಿದ್ದ, ಹುಡುಗಿ ಅವನಿಗಿಂತ ಮೊದಲೇ ಒಪ್ಪಿದ್ದಳು. ಇನ್ನು ಇವರು ಖಾನಾಪುರಕ್ಕೆ ಹೋಗಿ, ಮನೆ ನೋಡಿ, ಉಂಡು, ಮಾತು ಪಕ್ಕಾ ಮಾಡಬೇಕು. ಗಾಡಿ ನಿಂತದ್ದು ಅಲ್ಲೇ. ಓಂಕಾರನ ಅಜ್ಜಿ ಕಾಶವ್ವನ ಮನೆಯಲ್ಲಿ ಬೀಗರ ಊಟವೆಂದರೆ ನೆಲದ ಪಂಕ್ತಿ. ಹಿರಿಯ ಅತಿಥಿ ಎದ್ದ ಮೇಲೆಯೇ ಉಳಿದವರು ಏಳಬೇಕು. ಎಂಜಲುಗೈಯನ್ನು ನೆಲಕ್ಕೆ ಊರುವ ಹಾಗೂ ಇಲ್ಲ.

"ನನಗೊಬ್ಬವಗ ಕುರ್ಚಿ ಹಾಕ್ತಾರ," ಅನ್ನುವರು ಗುರುಪುತ್ರಪ್ಪ. "ಎಲ್ಲಾರೂ ಕೆಳಗ, ನಾ ಮ್ಯಾಲ, ಸಭಾದ ಅಧ್ಯಕ್ಷ ಆದಂಗ. ಕೆಳಗ ಕುಂತ್ರ ಸಿಮೆಂಟ್ ಚೀಲಾ ಎತ್ತಿದಂಗ ಎತ್ತಬೇಕು. ಹೋಗೂಣು, ಮುಂದಿನ ತಿಂಗಳ ಹೋಗೂಣು."

ಮುಂದಿನ ತಿಂಗಳು ಎಂಬುದು ಯಾವತ್ತೂ ಮುಂದೆಯೇ ಇರುತ್ತದೆ.

ಸಾಕ್ಷಿಯ ಹತ್ತಿರ ಒಂದು ವಿದ್ಯೆ ಇತ್ತು. ಯಾರ ದನಿಯಾದರೂ ಸರಿ, ಎತ್ತಿ ತನ್ನ ಗಂಟಲಿಗೆ ಇಳಿಸಿಕೊಳ್ಳುವಳು. ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿಯಲ್ಲಿ ರಜೆ ಸಾರಿ, ಅದೇ ದನಿಯಲ್ಲಿ ಬೈಸಿಕೊಂಡಿದ್ದಳು, ಎರಡನೆಯದು ಅಸಲಿ.

ಒಂದು ಬೆಳಿಗ್ಗೆ ಅವಳು ಪಡಸಾಲೆಯಲ್ಲಿ ಆಟ ಹೂಡಿದಳು. "ಅಪ್ಪಾ, ಪಲ್ಲೆ ಮಾರೂ ಪ್ರಮಿಳಾ ಮಾವಶಿ 'ಮೆಂತೇ' ಅಂತ ಒದರಿದ ಕೂಡಲೆ ಎಲ್ಲಾರೂ ಕುಂತಲ್ಲಿಂದ ಏಳಬೇಕು. ಕೈ ಊರಂಗಿಲ್ಲ. ಕಡೀಕ ಎದ್ದವ್ರು ಚಾ ಮಾಡಬೇಕು."

"ಇದ ಡಾಕ್ಟರ್ ಹೇಳಿದ್ದಲ್ಲೇನ?"

"ಡಾಕ್ಟರ್ ಚಾ ಮಾಡ್ರಿ ಅಂದಿದ್ರೇನು?"

ಮೊದಲ ದಿನ ಗುರುಪುತ್ರಪ್ಪ ಸೋತರು. ಅವರು ಮಾಡಿದ ಚಹಾವನ್ನು ಅವರೇ ಕುಡಿಯಲಿಲ್ಲ. ಮರುದಿನದಿಂದ ಕುರ್ಚಿಯ ಅಂಚಿಗೆ ಕೂತು, ಕಿವಿಯನ್ನು ಓಣಿಗೆ ಕಳಿಸಿ ಕಾಯತೊಡಗಿದರು.

ಆದರೆ ಪ್ರಮಿಳಾ ಬರುವುದು ದಿನಕ್ಕೊಂದೇ ಸಲ. ಅಷ್ಟಕ್ಕೆ ಯಾವ ಮೊಣಕಾಲು ಬಗ್ಗೀತು? ಸಾಕ್ಷಿ ಟಾವೆಲ್ ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೋಗುವಳು. ಸ್ವಲ್ಪ ಹೊತ್ತಿಗೆ ಅಲ್ಲಿನ ಕಿಟಕಿಯಿಂದ ಓಣಿಗೆ ಹಾರಿ, ಓಣಿಯಿಂದ ಮನೆಗೆ ಬರುವುದು ಪ್ರಮಿಳಾಳ ದನಿಯ, ಕನ್ನಡ ಮರಾಠಿ ಬೆರೆತ ಒಂದು ಕೂಗು: "ಮೆಂತೇ... ಪಾಲಕ್... ಮೇಥೀ ಘ್ಯಾ ಮೇಥೀ!"

ಗುರುಪುತ್ರಪ್ಪ ಟಣ್ಣನೆ ಎದ್ದು ನಿಲ್ಲುವರು. ಗುಟ್ಟು ಬಲ್ಲ ಶಿವಲಿಂಗವ್ವ ಬೇಕೆಂದೇ ತಡವಾಗಿ ಎದ್ದು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಚಹಾಕ್ಕೆ ಹೋಗುವರು.

"ಈ ಪ್ರಮಿಳಾನ ಮೆಂತೆ ಖಾಲೀನ ಆಗವಲ್ದಲ್ಲ! ಮತ್ತ ಬಂದ್ಲು?"

"ಯಾಪಾರ ಇಲ್ರೀ, ಪಾಪ, ಸುತ್ತತಾಳ," ಒಳಗಿನಿಂದ ಶಿವಲಿಂಗವ್ವ.

ಈ ನಡುವೆ ಕುರ್ಚಿ ರಿಪೇರಿಗೆ ಹೋಯಿತು. ಅದರ ಜಾಗಕ್ಕೆ ಸ್ಟೂಲು ಬಂತು, ಆಮೇಲೆ ಊಟದ ಮಣೆ, ಆಮೇಲೆ ಚಾಪೆ. ಚಹಾ ತಪ್ಪಿಸಿಕೊಳ್ಳುವ ಹುರುಪಿನಲ್ಲಿ ತಾವು ಕೆಳಗಿಳಿಯುತ್ತಿದ್ದೇವೆಂಬುದು ಗುರುಪುತ್ರಪ್ಪನವರಿಗೆ ತಿಳಿಯಲಿಲ್ಲ. ಒಂದು ದಿನ ಚಾಪೆಯಿಂದ ಕೈಯೂರದೆ ಎದ್ದು, ತಮ್ಮ ಕಾಲನ್ನು ತಾವೇ ನೋಡಿಕೊಂಡರು. "ಖಾನಾಪುರಕ್ಕ ಫೋನ್ ಮಾಡ್ರಿ," ಅಂದರು.

ಕಾಶವ್ವನ ಮನೆಯಲ್ಲಿ ಪಂಕ್ತಿಯ ತುದಿಗೆ ಅವರ ಮಣೆ. ಬಾಜೂಕ್ಕೆ ಓಂಕಾರನ ತಂದೆ ಸೋಮಲಿಂಗ. ಹೋಳಿಗೆ, ಕಟ್ಟಿನ ಸಾರು, ಅನ್ನ, ಮಜ್ಜಿಗೆ, ಎಲ್ಲವೂ ಆಯಿತು. ಇವರು ಏಳಲಿ ಎಂದು ಎಲ್ಲರೂ ಕಾದರು.

ಗುರುಪುತ್ರಪ್ಪ ಕಾಲು ಸರಿಸಿದರು. ಕಾಲು ಕೇಳಲಿಲ್ಲ. ಮನೆಯಲ್ಲಿ ಕೂಗು ಬಂದರೆ ಎದ್ದಿರುತ್ತಿದ್ದರು. ಹೇಗೆ ಎದ್ದೆನೆಂದು ಯೋಚಿಸಿದವರೇ ಅಲ್ಲ. ಈಗ ಯೋಚಿಸಿದರು, ಅಂಜಿಕೆ ಬಂದು ಮಡಿಲಲ್ಲಿ ಕೂತಿತು.

"ಇನ್ನೊಂದ ಹೋಳಿಗಿ ನೀಡ್ರಿ," ಅಂದರು.

ಮಜ್ಜಿಗೆಯ ಮೇಲೆ ಹೋಳಿಗೆ! ಕಾಶವ್ವ ಹಿಗ್ಗಿದಳು. "ಬೀಗರು ಉಣ್ಣೂದು ಛಲೋ ಐತಿ ನೋಡ್ರಿ. ತುಪ್ಪಾ ತಾ ಯವ್ವಾ ಸಾಕ್ಷಿ."

ಅದೂ ಮುಗಿಯಿತು. ಎಲ್ಲರ ಎಂಜಲುಗೈ ಒಣಗುತ್ತಿತ್ತು. ಸೋಮಲಿಂಗನಿಗೆ ಅರ್ಥವಾಯಿತು. ಒಳ್ಳೆಯ ಮನುಷ್ಯ, ಸದ್ದಿಲ್ಲದೆ ಪಕ್ಕಕ್ಕೆ ಹೊರಳಿ, ಎಡಗೈಯನ್ನು ಇವರ ಕಂಕುಳ ಹತ್ತಿರ ತಂದ. "ಹಿಡಕೋರಿ ಬೀಗ್ರ..."

ಅಪ್ಪನ ಮುಖ ಇಳಿದದ್ದನ್ನು ಸಾಕ್ಷಿ ಅಡಿಗೆಮನೆಯ ಬಾಗಿಲಿಂದ ನೋಡಿದಳು. ಬಂದಾಗಿನಿಂದ ಅವಳು ಸೀರೆಯ ನೆರಿಗೆ ಹಿಡಿದುಕೊಂಡು, ಹೂಂ, ಊಹೂಂ ಬಿಟ್ಟು ಬೇರೆ ಮಾತಾಡಿರಲಿಲ್ಲ. ಈಗ ಬಾಯಿ ತೆರೆದರೆ ಕಾಶವ್ವ ಏನು ತಿಳಿದಾಳು? ಅದಕ್ಕಿಂತ ಅಪ್ಪ? ಇಷ್ಟು ದಿನದ ಬೆಳಗಿನ ಗುಟ್ಟುಗಳೆಲ್ಲ ಬಯಲಿಗೆ ಬೀಳುತ್ತವೆ.

ತುಪ್ಪದ ಗಿಂಡಿ ಕೆಳಗಿಟ್ಟಳು.

"ಮೆಂತೇ... ಪಾಲಕ್... ಮೇಥೀ ಘ್ಯಾ ಮೇಥೀ!"

ಸೋಮಲಿಂಗನ ಕೈ ಗಾಳಿಯಲ್ಲೇ ಉಳಿಯಿತು. ಗುರುಪುತ್ರಪ್ಪ ಎರಡೂ ಕೈ ಮೇಲೆತ್ತಿ ನೆಟ್ಟಗೆ ನಿಂತಿದ್ದರು. ಹೆಂಗಸರ ನಡುವೆ ಶಿವಲಿಂಗವ್ವನೂ ರೂಢಿಯಿಂದ ಅರ್ಧ ಎದ್ದು, ನಾಚಿ ಕೂತರು. ಹಿರಿಯರು ಎದ್ದರಲ್ಲ ಎಂದು ಪಂಕ್ತಿಯೂ ಗಡಬಡಿಸಿ ಎದ್ದಿತು.

"ಯವ್ವಾ, ಒದರಿದಾಕಿ ನೀನೇನ?" ಕಾಶವ್ವ ಕೇಳಿದಳು.

ಸಾಕ್ಷಿ ತಲೆ ತಗ್ಗಿಸಿದಳು. ಗುರುಪುತ್ರಪ್ಪ ತಮ್ಮ ಮೊಣಕಾಲು ನೋಡಿದರು, ಮಗಳನ್ನು ನೋಡಿದರು.

"ಅಂದ್ರ ಬಚ್ಚಲದಾಗಿಂದ..."

"ಹೂಂ ಅಪ್ಪಾ. ನಾನ."

"ನಿನ್ನೆ ಪ್ರಮಿಳಾನ್ನ ನಿಂದರಿಸಿ ಬೈದೆನಲ್ಲಲೇ! ದಿನಕ್ಕ ಎಷ್ಟ ಸಲ ಬರ್ತಿ, ಮೈಗೆ ಆರಾಮ ಬ್ಯಾಡೇನ ಅಂತ. ದಿನಕ್ಕ ಒಮ್ಮೆನ ಬರ್ತೇನ್ರೀ ಅಣ್ಣಾರ ಅಂತ ಆಣಿ ಮಾಡಿದ್ಲು. ಸುಳ್ಳ ಹೇಳಬ್ಯಾಡಾ, ನಾ ಎದ್ದು ನಿಂತು ಲೆಕ್ಕಾ ಇಟ್ಟೇನಿ ಅಂದೆ!"

ಓಂಕಾರ ಮೊದಲು ಪಕ್ಕೆಂದು ನಕ್ಕ. "ಇಂಥಾಕಿ ಬಂದ್ರ ನಮ್ಮ ಮನ್ಯಾಗ ಯಾರೂ ಕುಂತಲ್ಲೆ ಕುಂದ್ರಂಗಿಲ್ಲ ಬಿಡ್ರಿ," ಅಂದಳು ಕಾಶವ್ವ, ನಕ್ಕು ಕೆಮ್ಮಿದಳು. ಮನೆ ತುಂಬ ನಗು. ಆದರೆ ಎಲ್ಲಕ್ಕಿಂತ ಗಟ್ಟಿ ನಗು ಗುರುಪುತ್ರಪ್ಪನವರದು. ಹೋಳಿಗೆ ತುಂಬಿದ ಹೊಟ್ಟೆ ಹಿಡಿದುಕೊಂಡು, ನಕ್ಕು ನಕ್ಕು ಸುಸ್ತಾಗಿ, ಯಾರ ಹೆಗಲನ್ನೂ ಹುಡುಕದೆ ಅವರು ಮತ್ತೆ ನೆಲದ ಮೇಲೆ ಕೂತೇಬಿಟ್ಟರು.