ಆಮೆ ಮಾವ ಗೆದ್ದ ವರ್ಷ

ಸ್ಮಶಾನದ ಗೇಟಿನ ಬಳಿ ಒಂದು ಕಂಪ್ಯೂಟರು ಪರದೆಯಿದೆ. ಅದರಲ್ಲಿ ವರ್ಷ ಒತ್ತಿದರೆ ಆ ವರ್ಷ ತೀರಿಕೊಂಡವರ ಹೆಸರು, ಮಲಗಿರುವ ಜಾಗ ಎಲ್ಲ ಮೂಡುತ್ತದೆ. ಅದರ ಪ್ರೋಗ್ರಾಂ ಬರೆದವಳು ಇವಳೇ. ಭಾನುವಾರ ಹೂವು ಹಿಡಿದು ಬಂದವಳಿಗೆ ಗಂಡನ ಜಾಗಕ್ಕೆ ಕಣ್ಣು ಮುಚ್ಚಿಕೊಂಡು ಹೋಗುವಷ್ಟು ದಾರಿ ಗೊತ್ತು. ಆದರೂ ತಾನು ಮಾಡಿದ್ದಲ್ಲವೇ ಎಂಬ ಚಪಲಕ್ಕೆ ಈ ವರ್ಷವನ್ನು ಒತ್ತಿದಳು. ಗಂಡನ ಹೆಸರೇ ಇಲ್ಲ.

"ಹೋದ ವರ್ಷದ್ದು ಒತ್ತಿ ನೋಡಿ ಅಮ್ಮಾ," ಎಂದ ಕಾವಲುಗಾರ. "ಎಷ್ಟೋ ಜನಕ್ಕೆ ವರ್ಷ ನೆನಪಿರಲ್ಲ."

ಒತ್ತಿದಳು. ಕಟ್ಟಕಡೆಯ ಸಾಲಿನಲ್ಲಿ ಅವನಿದ್ದ.

ಜೀವಮಾನದಲ್ಲಿ ಎಲ್ಲಿಗೂ ಹೊತ್ತಿಗೆ ಸರಿಯಾಗಿ ಹೋದ ಆಸಾಮಿಯಲ್ಲ ಅವನು. ಸ್ವಂತ ಮದುವೆಗೇ ತಡವಾಗಿ ಬಂದು ಮಾವನ ಕೈಲಿ ಬೈಸಿಕೊಂಡ ಭೂಪ. ಅವಳ ತಮ್ಮನ ಮಕ್ಕಳ ಬಾಯಲ್ಲಿ 'ಆಮೆ ಮಾವ'. ಹೋದ ವರ್ಷ, 'ಈ ವರ್ಷ ದಾಟುವುದಿಲ್ಲ' ಎಂದು ಡಾಕ್ಟರು ಕೈಚೆಲ್ಲಿದಾಗಲೂ ಅವನಿಗೆ ನಗು.

"ಹೇಳಿದ ಟೈಮಿಗೆ ನಾನ್ಯಾವತ್ತು ಹೋಗಿದೀನಿ? ಹೊಸ ವರ್ಷದ ಟೀ ಕುಡಿದೇ ಹೊರಡೋದು, ನೋಡ್ತಿರು."

ಡಿಸೆಂಬರ್ ಪೂರ್ತಿ ಹಟಕ್ಕೆ ಬಿದ್ದು ಉಸಿರಾಡಿದ. ಜನವರಿ ಒಂದರ ಬೆಳಗಿನ ಜಾವ ಅವಳು ತುಟಿಗೆ ಹಿಡಿದ ಟೀ ಎರಡು ಚಮಚ ಒಳಗಿಳಿಯಿತು. "ಗೆದ್ದೆ ಕಣೇ," ಎಂದ. ಕಿಟಕಿ ಬೆಳ್ಳಗಾಗುವ ಮೊದಲೇ ಹೋಗಿಬಿಟ್ಟ. ಆ ಗೆಲುವನ್ನು ಕಂಡವರು ಲೋಕದಲ್ಲಿ ಅವಳೊಬ್ಬಳೇ. ಮಾತಾಡಿಸಲು ಬಂದವರಿಗೆಲ್ಲ ಹೇಳಿದ್ದಳು. ಪಾಪ ಎಂದು ತಲೆಯಾಡಿಸಿ ಎದ್ದು ಹೋದರು. ಈಗ ಅವಳ ಪ್ರೋಗ್ರಾಮೇ ಡಾಕ್ಟರ ಪರವಾಗಿ ಸಾಕ್ಷಿ ಹೇಳುತ್ತಿತ್ತು.

ಸೋಮವಾರ ಆಫೀಸಿನಲ್ಲಿ ಪ್ರೋಗ್ರಾಮಿನ ಹಳೆಯ ಸಾಲುಗಳನ್ನು ತೆಗೆದು ನೋಡಿದಳು. ತಪ್ಪು ಕಣ್ಣಿಗೆ ರಾಚುವಂತಿತ್ತು. ಕಂಪ್ಯೂಟರು ಸಾವಿನ ಸಮಯವನ್ನು ಇಡೀ ಲೋಕಕ್ಕೆ ಒಂದೇ ಆದ ಗಡಿಯಾರದ ಪ್ರಕಾರ ಇಟ್ಟುಕೊಳ್ಳುತ್ತದೆ. ಆ ಗಡಿಯಾರ ಈ ಊರಿನದಕ್ಕಿಂತ ಕೆಲವು ಗಂಟೆ ಹಿಂದೆ. ಇಲ್ಲಿ ಹೊಸ ವರ್ಷದ ಬೆಳಗಿನ ಜಾವವಾದರೂ ಅಲ್ಲಿನ್ನೂ ಹಳೆಯ ವರ್ಷವೇ. ಮೊದಲು ಊರಿನ ಸಮಯಕ್ಕೆ ತಂದುಕೊಂಡು ಆಮೇಲೆ ವರ್ಷ ತೆಗೆಯಬೇಕಿತ್ತು. ಅವಳು ಸೀದಾ ತೆಗೆದಿದ್ದಳು. ಪ್ರೋಗ್ರಾಂ ಸರಿಯಿದೆಯೇ ಎಂದು ಪರೀಕ್ಷಿಸಲು ಆ ಆಫೀಸಿನಲ್ಲಿ ಎಲ್ಲರೂ ಕೊಡುವುದು ಜೂನ್ ತಿಂಗಳ ಒಂದು ನಡುಮಧ್ಯಾಹ್ನವನ್ನು. ನಡುಮಧ್ಯಾಹ್ನ ಎರಡೂ ಗಡಿಯಾರದಲ್ಲಿ ಒಂದೇ ವರ್ಷ, ಯಾರಿಗೂ ತಲೆನೋವು ಕೊಡುವುದಿಲ್ಲ ನೋಡಿ. ಅವಳು ಕೊಟ್ಟಿದ್ದೂ ಅದನ್ನೇ.

"ಒಂದು ವರ್ಷ ಆಚೀಚೆ ಆದ್ರೆ ಏನಾಯ್ತು ಬಿಡಿ ಅಕ್ಕಾ," ಎಂದಳು ಪಕ್ಕದ ಮೇಜಿನವಳು, ಯಾರ ಹೆಸರೆಂದು ತಿಳಿಯದೆ. "ಸತ್ತೋರೇನು ಬಂದು ಕಂಪ್ಲೇಂಟ್ ಕೊಡ್ತಾರಾ?"

"ಕೊಡೋ ಹಾಗಿದ್ರೆ ಎಷ್ಟು ಚೆನ್ನಾಗಿತ್ತು," ಎಂದಳು.

ಇಬ್ಬರೂ ನಕ್ಕರು. ಆಮೇಲೆ ಇವಳು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಮನಸಾರೆ ಅತ್ತಳು. ಮುಖ ತೊಳೆದುಕೊಂಡು ಬಂದು ಸಾಲನ್ನು ತಿದ್ದಿದಳು.

ತಿದ್ದಿದ ಮೇಲೆ ಹೊಸದೊಂದು ಪರೀಕ್ಷೆ ಬರೆಯಬೇಕು, ಅದು ಆಫೀಸಿನ ಕಟ್ಟುಪಾಡು. ಅದಕ್ಕೊಂದು ಸಮಯ ಬೇಕು. ಯೋಚಿಸುವ ಪ್ರಮೇಯವೇ ಬರಲಿಲ್ಲ, ಬೆರಳುಗಳು ತಾವಾಗಿ ಆ ಬೆಳಗಿನ ಜಾವವನ್ನು ಒತ್ತಿದವು. ಒಮ್ಮೆ ಸೇರಿಸಿದ ಪರೀಕ್ಷೆಯನ್ನು ಯಾರೂ ಕಿತ್ತುಹಾಕುವಂತಿಲ್ಲ. ದಿನಾ ಬೆಳಿಗ್ಗೆ ಜನ ಬರುವ ಮೊದಲು ಕಂಪ್ಯೂಟರು ಎಲ್ಲ ಪರೀಕ್ಷೆಗಳನ್ನೂ ಒಂದೊಂದಾಗಿ ನಡೆಸುತ್ತದೆ.

ಮರುದಿನ ಅವಳು ಎಲ್ಲರಿಗಿಂತ ಮುಂಚೆ ಬಂದಳು. ಮನೆಯಲ್ಲಿ ಒಬ್ಬಳಿಗೇ ಟೀ ಮಾಡಿಕೊಳ್ಳಲು ಬೇಜಾರಾಗಿ, ಆಫೀಸಿನದನ್ನೇ ಲೋಟಕ್ಕೆ ಹಿಡಿದುಕೊಂಡು ಪರದೆಯ ಮುಂದೆ ಕೂತಳು. ಪರೀಕ್ಷೆಗಳು ಸರಸರನೆ ಸರಿದವು. ಆ ಬೆಳಗಿನ ಜಾವದ ಸರದಿ ಬಂತು. ಇದು ಯಾವ ವರ್ಷ ಎಂಬ ಪ್ರಶ್ನೆಗೆ ಹೊಸ ವರ್ಷ ಎಂದೇ ಉತ್ತರ ಬಂತು. ಸರಿಯಿದೆ ಎಂಬ ಗುರುತಾಗಿ ಸಾಲು ಹಸಿರಾಯಿತು.

"ಹೂಂ ರೀ, ಗೆದ್ರಿ," ಎಂದಳು. ಖಾಲಿ ಆಫೀಸಿನಲ್ಲಿ ಕೇಳಿಸಿಕೊಳ್ಳಲು ಯಾರೂ ಇರಲಿಲ್ಲ. ಟೀ ಆರುವ ಮೊದಲು ಕುಡಿದು ಮುಗಿಸಿದಳು.